ಆಕಾಶದ ಜಮಾ-ಖರ್ಚು

(ನಮ್ಮ ಉಚಿತ ವಾಚನಾಲಯದಲ್ಲಿ ರವಿವಾರ ಶಾಲಾ ವಿದ್ಯಾರ್ಥಿಗಳಿಗೂ ಅವರ ಪಾಲಕರಿಗೂ ಮಾಡಿದ ಭಾಷಣ)



ಇಂದು ನಮಗೆ ಒಪ್ಪಿಸಿದ ವಿಷಯ ಬಾಹ್ಯಾಕಾಶ ಮತ್ತು ಬದಲಾಗುತ್ತಿರುವ ಹವೆ. ವಿಷಯ ಬಹಳ ದೊಡ್ಡದು. ಹೇಳಲು ನಿಂತ ನಾವಾದರೋ ಮ್ಯಾಟ್ರಿಕ್‌ವರೆಗೆ ಓದಿ, ಗಿರಣಿಯ ಕಚೇರಿಯಲ್ಲಿ ಜಮಾ-ಖರ್ಚು ಬರೆಯುವವರು. ವಿಜ್ಞಾನಿಗಳ ಗಣಿತ ನಮಗೆ ಬಾರದು. ಆದರೆ ಒಳಗೆ ಎಷ್ಟು ಬಂತು, ಹೊರಗೆ ಎಷ್ಟು ಹೋಯಿತು, ಶಿಲ್ಕು ಎಷ್ಟು ಉಳಿಯಿತು ಎಂಬ ಲೆಕ್ಕ ನಮಗೆ ಬರುತ್ತದೆ. ಈ ವಿಷಯದ ತಿರುಳೂ ಅದೇ ಲೆಕ್ಕವಾದುದರಿಂದ ಧೈರ್ಯ ಮಾಡಿ ನಿಂತಿದ್ದೇವೆ.

ಮಕ್ಕಳೇ, ನಿಮ್ಮಲ್ಲಿ ಹೆಚ್ಚಿನವರು ಶಾಲೆಯಲ್ಲಿ ಇಂಗ್ಲಿಷಿನಲ್ಲಿಯೋ ಮರಾಠಿಯಲ್ಲಿಯೋ ವಿಜ್ಞಾನವನ್ನು ಕಲಿಯುತ್ತೀರಿ. ಮನೆಗೆ ಬಂದು ಅದನ್ನು ಅಪ್ಪನಿಗೋ ಅಜ್ಜಿಗೋ ಹೇಳಬೇಕೆಂದರೆ ಮಾತು ಸಿಕ್ಕುವುದಿಲ್ಲ. ಕಲಿತದ್ದು ಪುಸ್ತಕದಲ್ಲಿಯೇ ಉಳಿಯುತ್ತದೆ. ಮಳೆಯ ಸುದ್ದಿ, ಬಿಸಿಲಿನ ಸುದ್ದಿ ಹಾಗೆ ಪುಸ್ತಕದಲ್ಲಿ ಉಳಿಯತಕ್ಕದ್ದಲ್ಲ. ಅದು ಮನೆಯವರೆಲ್ಲರಿಗೂ ಸೇರಿದ್ದು. ಆದುದರಿಂದ ಇಂದು ಅದನ್ನೆಲ್ಲ ನಮ್ಮ ಭಾಷೆಯಲ್ಲಿಯೇ ಒಮ್ಮೆ ನೋಡೋಣ.

ಆಕಾಶ ಎಷ್ಟು ದೂರ?

ಆಕಾಶವೆಂದರೆ ಬಹು ದೂರದ್ದು ಎಂದು ನಾವೆಲ್ಲ ತಿಳಿದಿದ್ದೇವೆ. ನಮ್ಮ ಪಶ್ಚಿಮ ರೈಲ್ವೆಯ ಹಳಿಯನ್ನು ಎತ್ತಿ ನೆಟ್ಟಗೆ ಮೇಲಕ್ಕೆ ನಿಲ್ಲಿಸಿದೆವೆಂದು ಕಲ್ಪಿಸಿಕೊಳ್ಳಿ. ಗೋರೆಗಾಂವ್ ನಿಲ್ದಾಣ ನೆಲ. ಅಲ್ಲಿಂದ ಅಂಧೇರಿಗೆ ಸುಮಾರು 5 ಕಿಲೋಮೀಟರ್. ಮೇಲಕ್ಕೆ ಅಷ್ಟೇ ದೂರ, ಇನ್ನೊಂದು ಅರ್ಧ ಕಿಲೋಮೀಟರ್ ಸೇರಿಸಿ, ಹೋದರೆ ಭೂಮಿಯ ಗಾಳಿಯಲ್ಲಿ ಅರ್ಧದಷ್ಟು ಕೆಳಗೆ ಉಳಿದಿರುತ್ತದೆ. ಗೋರೆಗಾಂವಿನಿಂದ ದಾದರಿಗೆ ಸುಮಾರು 16 ಕಿಲೋಮೀಟರ್. ನಮ್ಮ ಸೀಮೆಯಲ್ಲಿ ಮೋಡ, ಮಳೆ, ಗುಡುಗು, ಬಿರುಗಾಳಿ ಎಲ್ಲ ನಡೆಯುವುದು ಹೆಚ್ಚು ಕಡಿಮೆ ಅಷ್ಟೇ ಎತ್ತರದೊಳಗೆ. ಇನ್ನು ಉತ್ತರಕ್ಕೆ ಡಹಾಣುವಿಗೆ ಹೋಗುವ ಗಾಡಿ ಹತ್ತಿದರೆ ಸುಮಾರು 100 ಕಿಲೋಮೀಟರ್. ಮೇಲ್ಮುಖವಾಗಿ ಅಷ್ಟು ದೂರ ಹೋದಲ್ಲಿಂದ ಬಾಹ್ಯಾಕಾಶ ಆರಂಭವಾಗುತ್ತದೆಂದು ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ.

ಇದರಿಂದ ತಿಳಿಯುವುದೇನು? ಭೂಮಿಯ ಅಡ್ಡಳತೆ 12,700 ಕಿಲೋಮೀಟರಿಗೂ ಹೆಚ್ಚು. ಅಷ್ಟು ದೊಡ್ಡ ಗೋಲಕ್ಕೆ ಹೊದಿಸಿದ ಗಾಳಿಯ ಹೊದಿಕೆಯಾದರೋ ಗೋರೆಗಾಂವಿನಿಂದ ದಾದರಿಗೆ ಹೋದಷ್ಟು ದಪ್ಪ. ಈರುಳ್ಳಿಯ ಹೊರಗಿನ ಸಿಪ್ಪೆಯಂತೆ ತೆಳುವಾದದ್ದು. ನಾವು ಊದಿದ ಹೊಗೆ ಎಲ್ಲಿಯೋ ಅನಂತ ಆಕಾಶಕ್ಕೆ ಹೋಗಿ ಕರಗುತ್ತದೆ ಎಂಬ ನಂಬಿಕೆ ಸರಿಯಲ್ಲ. ಅದು ಈ ಸಿಪ್ಪೆಯೊಳಗೇ ಇರುತ್ತದೆ.

ನೆರೆಹೊರೆಯವರನ್ನು ನೋಡಿ

ಈ ತೆಳು ಹೊದಿಕೆಯ ಬೆಲೆಯೇನು ಎಂಬುದು ನಮ್ಮ ನೆರೆಹೊರೆಯವರನ್ನು ನೋಡಿದರೆ ತಿಳಿಯುತ್ತದೆ. ಮೊದಲು ಚಂದ್ರ. ಸೂರ್ಯನಿಂದ ಅವನಿಗೂ ನಮಗೂ ಇರುವ ದೂರ ಹೆಚ್ಚು ಕಡಿಮೆ ಒಂದೇ, ಸುಮಾರು 15 ಕೋಟಿ ಕಿಲೋಮೀಟರ್. ಬೀಳುವ ಬಿಸಿಲೂ ಒಂದೇ. ಆದರೆ ಚಂದ್ರನ ನಡುಭಾಗದಲ್ಲಿ ಹಗಲಿನ ಶಾಖ ಸುಮಾರು 120 ಡಿಗ್ರಿಗೆ ಏರುತ್ತದೆ. ರಾತ್ರಿ ಶೂನ್ಯಕ್ಕಿಂತ 130 ಡಿಗ್ರಿ ಕೆಳಗಿಳಿಯುತ್ತದೆ. ಕಾರಣ, ಅವನಿಗೆ ಹೊದಿಕೆಯಿಲ್ಲ. 2023ರ ಆಗಸ್ಟ್ 23ರಂದು ನಮ್ಮ ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಕಡೆಗೆ ಇಳಿದುದನ್ನು ನೀವೆಲ್ಲ ಕೇಳಿದ್ದೀರಿ. ಅದು ನೆಲದೊಳಗೆ ಉಷ್ಣಮಾಪಕವನ್ನು ಚುಚ್ಚಿ ನೋಡಿತು. ಮೇಲೆ 50 ಡಿಗ್ರಿಗೂ ಹೆಚ್ಚು. ಬರಿಯ 8 ಸೆಂಟಿಮೀಟರ್ ಕೆಳಗೆ ಶೂನ್ಯಕ್ಕಿಂತ 10 ಡಿಗ್ರಿ ಕಡಿಮೆ. ಅಂಗೈ ಅಗಲದಲ್ಲಿ ಅಷ್ಟು ಅಂತರ!

ಎರಡನೆಯವನು ಶುಕ್ರ. ಸಂಜೆ ಪಡುವಣದಲ್ಲಿ ಅಥವಾ ಬೆಳಗಿನ ಜಾವ ಮೂಡಣದಲ್ಲಿ ಹೊಳೆಯುವ ಬೆಳ್ಳಿ. ಅವನ ಹೊದಿಕೆ ಬಹಳ ದಪ್ಪ. ಅದರಲ್ಲಿ ನೂರಕ್ಕೆ 96 ಪಾಲು ಇಂಗಾಲಾಮ್ಲ ವಾಯು; ನಿಮ್ಮ ಈಗಿನ ಪಠ್ಯಗಳಲ್ಲಿ ಇದನ್ನೇ ಇಂಗಾಲದ ಡೈಆಕ್ಸೈಡ್ ಎನ್ನುತ್ತಾರೆ. ಅಲ್ಲಿಯ ನೆಲದ ಶಾಖ 460 ಡಿಗ್ರಿಗೂ ಹೆಚ್ಚು. ಸೀಸ ಕರಗಿ ನೀರಾಗುತ್ತದೆ. ಸೂರ್ಯನಿಗೆ ಹತ್ತಿರವಿರುವುದರಿಂದ ಹಾಗೆ ಎನ್ನಬಹುದು. ಹಾಗಲ್ಲ. ಬುಧ ಇನ್ನೂ ಹತ್ತಿರವಿದ್ದಾನೆ. ಆದರೂ ಶುಕ್ರನಷ್ಟು ಬಿಸಿಯಿಲ್ಲ. ಅಷ್ಟೇ ಅಲ್ಲ, ಶುಕ್ರನ ಬಿಳಿಯ ಮೋಡಗಳು ಬಿದ್ದ ಬಿಸಿಲಿನ ಮುಕ್ಕಾಲು ಪಾಲನ್ನು ಹಿಂದಕ್ಕೆ ಎಸೆಯುತ್ತವೆ. ಒಳಗೆ ಬಂದ ಕಾಲು ಪಾಲನ್ನು ಮಾತ್ರ ಆ ದಪ್ಪ ಕಂಬಳಿ ಹೊರಕ್ಕೆ ಬಿಡುವುದಿಲ್ಲ.

ಚಂದ್ರನಿಗೆ ಕಂಬಳಿಯೇ ಇಲ್ಲ. ಶುಕ್ರನಿಗೆ ಹತ್ತಾರು ಕಂಬಳಿ. ನಡುವೆ ನಮ್ಮ ಭೂಮಿಗೆ ಹದವಾದ ಒಂದು ಕಂಬಳಿ. ಅದಿಲ್ಲದಿದ್ದರೆ ಭೂಮಿಯ ಸರಾಸರಿ ಶಾಖ ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿರುತ್ತಿತ್ತು, ಸಮುದ್ರವೆಲ್ಲ ಹೆಪ್ಪುಗಟ್ಟುತ್ತಿತ್ತು. ಅದು ಇರುವುದರಿಂದ ಸರಾಸರಿ 15 ಡಿಗ್ರಿಯ ಸುತ್ತಮುತ್ತ ನಿಂತಿದೆ. ಆದುದರಿಂದ ಇಂಗಾಲಾಮ್ಲವನ್ನು ಬರಿಯ ವಿಷವೆಂದು ಬಯ್ಯಕೂಡದು. ಅನ್ನಕ್ಕೆ ಉಪ್ಪು ಬೇಕು. ಆದರೆ ಎಷ್ಟು ಎಂಬುದೇ ಪ್ರಶ್ನೆ.

ಖಾತೆ ತೆಗೆದು ನೋಡೋಣ

ಈಗ ನಮ್ಮ ಕಸುಬಿಗೆ ಬರೋಣ. ಭೂಮಿಯ ಮೇಲೆ ಹಗಲು-ರಾತ್ರಿ, ಬೇಸಿಗೆ-ಚಳಿ ಎಲ್ಲವನ್ನೂ ಸರಾಸರಿ ಹಿಡಿದರೆ, ಸೂರ್ಯನಿಂದ ಪ್ರತಿ ಚದರ ಮೀಟರಿಗೆ 340 ವ್ಯಾಟ್ ಜಮಾ ಆಗುತ್ತದೆ. ಇದರಲ್ಲಿ ಸುಮಾರು 100 ವ್ಯಾಟ್ ಮೋಡ, ಹಿಮ, ಮರಳುಗಳಿಗೆ ತಗಲಿ ಕೂಡಲೇ ವಾಪಸು. ಉಳಿದ 240 ವ್ಯಾಟ್ ಭೂಮಿಯೊಳಕ್ಕೆ ಬಂತು. ಖಾತೆ ಸರಿಯಿರಬೇಕಾದರೆ ಕಣ್ಣಿಗೆ ಕಾಣದ ಶಾಖದ ಕಿರಣಗಳ ರೂಪದಲ್ಲಿ ಅಷ್ಟೇ 240 ವ್ಯಾಟ್ ಬಾಹ್ಯಾಕಾಶಕ್ಕೆ ಖರ್ಚಾಗಬೇಕು. ಸಾವಿರಾರು ವರ್ಷ ಹೆಚ್ಚು ಕಡಿಮೆ ಹಾಗೆಯೇ ನಡೆಯಿತು.

ಈಗ ಹೊರಗೆ ಹೋಗುವುದು ಸುಮಾರು ಒಂದು ವ್ಯಾಟ್ ಕಡಿಮೆಯಾಗಿದೆ. ಒಂದು ವ್ಯಾಟ್ ಎಂದರೆ ಏನು ಮಹಾ ಎನ್ನುತ್ತೀರಾ? ನಮ್ಮಲ್ಲಿ ಅನೇಕರು ಬಾಳುವುದು ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಖೋಲಿಯಲ್ಲಿ. ಅಷ್ಟು ಜಾಗ ಒಂಬತ್ತು ಚದರ ಮೀಟರಿಗಿಂತ ತುಸು ಹೆಚ್ಚು. ಅಂದರೆ ಭೂಮಿಯ ಮೇಲೆ, ನೆಲವಿರಲಿ ಸಮುದ್ರವಿರಲಿ, ಪ್ರತಿಯೊಂದು ಖೋಲಿಯಷ್ಟು ಜಾಗದಲ್ಲಿಯೂ ಒಂಬತ್ತು ವ್ಯಾಟಿನ ಒಂದು ಎಲ್‌ಇಡಿ ಬಲ್ಬನ್ನು ಹಗಲೂ ರಾತ್ರಿಯೂ ಆರಿಸದೆ ಉರಿಸಿಟ್ಟಂತಾಯಿತು. ಒಂದು ದಿನಕ್ಕೆ ತಿಳಿಯುವುದಿಲ್ಲ. ವರ್ಷಗಟ್ಟಲೆ ಉರಿದರೆ? ಗಿರಣಿಯ ಲೆಕ್ಕದಲ್ಲಿಯೂ ಹೀಗೆಯೇ. ದಿನಕ್ಕೆ ಒಂದು ರೂಪಾಯಿ ತಪ್ಪಿದರೆ ಯಾರೂ ಕೇಳುವುದಿಲ್ಲ. ವರ್ಷದ ಕೊನೆಗೆ ತಾಳೆ ನೋಡುವಾಗ ತಲೆ ತಿರುಗುತ್ತದೆ.

ಉಳಿದ ಈ ಶಾಖದಲ್ಲಿ ನೂರಕ್ಕೆ 90 ಪಾಲು ಹೋಗುವುದು ಸಮುದ್ರಕ್ಕೆ. ನಮ್ಮ ಕೇಂದ್ರ ಸರಕಾರದ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಹಿಂದೂ ಮಹಾಸಾಗರದ ಉಷ್ಣವಲಯದ ಮೇಲ್ನೀರು 1951ರಿಂದ 2015ರ ವರೆಗೆ ಸುಮಾರು 1 ಡಿಗ್ರಿ ಬಿಸಿಯಾಗಿದೆ. ಭಾರತದ ನೆಲದ ಸರಾಸರಿ ಶಾಖ 1901ರಿಂದ 2018ರ ವರೆಗೆ 0.7 ಡಿಗ್ರಿ ಏರಿದೆ. ಬಿಸಿಯಾದ ನೀರು ಹಿಗ್ಗುತ್ತದೆ. ಜೊತೆಗೆ ಹಿಮದ ರಾಶಿ ಕರಗಿ ಸೇರುತ್ತದೆ. ಜಗತ್ತಿನ ಸಮುದ್ರಮಟ್ಟ 1901ರಿಂದ 2018ರೊಳಗೆ ಸರಾಸರಿ 20 ಸೆಂಟಿಮೀಟರ್ ಏರಿದೆ. ನಮ್ಮ ಮುಂಬಯಿಯ ಅಪೋಲೋ ಬಂದರಿನಲ್ಲಿ 1878ರಿಂದ ಸಮುದ್ರದ ಮಟ್ಟವನ್ನು ಅಳೆದು ಬರೆದಿಟ್ಟಿದ್ದಾರೆ. ಏಷ್ಯದಲ್ಲಿಯೇ ಬಹಳ ಹಳೆಯ ದಾಖಲೆಗಳಲ್ಲಿ ಅದೂ ಒಂದು.

ಕಂಬಳಿ ದಪ್ಪವಾದದ್ದು ಹೇಗೆ?

ಕಲ್ಲಿದ್ದಲು, ಎಣ್ಣೆ, ಅನಿಲಗಳನ್ನು ಸುಟ್ಟದ್ದರಿಂದ. ಕೋಟಿಗಟ್ಟಲೆ ವರ್ಷಗಳ ಹಿಂದಿನ ಗಿಡಮರಗಳೂ ಜಲಜೀವಿಗಳೂ ನೆಲದಡಿಯಲ್ಲಿ ಹೂತಿಟ್ಟ ಇಂಗಾಲವನ್ನು ನಾವು ಇನ್ನೂರು ವರ್ಷಗಳಲ್ಲಿ ಅಗೆದು ತೆಗೆದು ಸುಟ್ಟೆವು. ಕಾರಖಾನೆಗಳು ಹೆಚ್ಚುವ ಮೊದಲು ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಇಂಗಾಲಾಮ್ಲದ ಕಣಗಳು 280 ಇದ್ದವು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಎಂಬವರು ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಅಳೆಯತೊಡಗಿದಾಗ 315 ಆಗಿತ್ತು. 2024ರಲ್ಲಿ 420ನ್ನು ದಾಟಿತ್ತು. ಆ 2024 ಅಳತೆ ಇಟ್ಟಂದಿನಿಂದ ಜಗತ್ತಿನ ಅತ್ಯಂತ ಬಿಸಿಯ ವರ್ಷವಾಯಿತು. 1850-1900ರ ಸರಾಸರಿಗಿಂತ ಸುಮಾರು ಒಂದೂವರೆ ಡಿಗ್ರಿ ಹೆಚ್ಚು.

ಈ ಕಥೆಯಲ್ಲಿ ನಮ್ಮ ನಗರಕ್ಕೂ ಪಾಲಿದೆ. 1854ರಲ್ಲಿ ಕಾವಸ್ಜಿ ನಾನಾಭಾಯಿ ದಾವರ್ ಅವರು ಮುಂಬಯಿಯಲ್ಲಿ ಮೊದಲ ಹತ್ತಿಯ ಗಿರಣಿಯನ್ನು ಸ್ಥಾಪಿಸಿದರು. ಬಳಿಕ ಪರಳ, ಲಾಲ್‌ಬಾಗ್‌ಗಳಲ್ಲಿ ಚಿಮಣಿಗಳು ಎದ್ದು ನಿಂತವು. ಕಲ್ಲಿದ್ದಲಿನ ಹೊಗೆ ಉಗುಳಿದವು. ನಮ್ಮ ಹಿರಿಯರು ಊರು ಬಿಟ್ಟು ಬಂದು ಆ ಚಿಮಣಿಗಳ ನೆರಳಿನಲ್ಲಿಯೇ ಅನ್ನ ಕಂಡರು. 1982ರ ಮುಷ್ಕರದ ನಂತರ ಆ ಗಿರಣಿಗಳಲ್ಲಿ ಹೆಚ್ಚಿನವು ಒಂದೊಂದಾಗಿ ಮುಚ್ಚಿದವು. ಚಿಮಣಿಯನ್ನು ಬಯ್ಯಲು ನಮಗೆ ಮನಸ್ಸಿಲ್ಲ. ಆದರೆ ಇನ್ನೊಂದು ಸಂಗತಿಯನ್ನೂ ಮರೆಯಕೂಡದು. 1915ರಲ್ಲಿಯೇ ಘಟ್ಟದ ಮಳೆನೀರನ್ನು ಕಟ್ಟೆ ಕಟ್ಟಿ ನಿಲ್ಲಿಸಿ, ಖೋಪೋಲಿಯಲ್ಲಿ ಅದರಿಂದ ವಿದ್ಯುತ್ತನ್ನು ಹುಟ್ಟಿಸಿ, ಟಾಟಾ ಅವರ ಕಂಪೆನಿ ಮುಂಬಯಿಯ ಗಿರಣಿಗಳನ್ನು ನಡೆಸಿತು. ಕಲ್ಲಿದ್ದಲಿಲ್ಲದೆ ಮಗ್ಗ ತಿರುಗೀತೇ ಎಂದು ಆಗಲೂ ಜನ ಕೇಳಿರಬಹುದು. ತಿರುಗಿತು. ಇಂದು ಬಿಸಿಲಿನಿಂದಲೂ ಗಾಳಿಯಿಂದಲೂ ವಿದ್ಯುತ್ತು ಹುಟ್ಟಿಸುವುದನ್ನು ಕುರಿತು ಅದೇ ಪ್ರಶ್ನೆ ಕೇಳುವವರಿಗೆ ಖೋಪೋಲಿಯೇ ಉತ್ತರ.

ಸೂರ್ಯನೇ ಹೆಚ್ಚು ಕಾಯುತ್ತಿರಬಹುದಲ್ಲ?

ಇದು ಬುದ್ಧಿವಂತ ವಿದ್ಯಾರ್ಥಿ ಕೇಳಲೇಬೇಕಾದ ಪ್ರಶ್ನೆ. ಇದಕ್ಕೆ ಬಾಹ್ಯಾಕಾಶ ವಿಜ್ಞಾನ ಉತ್ತರ ಕೊಟ್ಟಿದೆ. 1978ರಿಂದ ಕೃತಕ ಉಪಗ್ರಹಗಳು ಮೋಡದ ಅಡ್ಡಿಯಿಲ್ಲದೆ ಸೂರ್ಯನ ಶಾಖವನ್ನು ಅಳೆಯುತ್ತಿವೆ. ಅದು ಸುಮಾರು 11 ವರ್ಷಕ್ಕೊಮ್ಮೆ ಸ್ವಲ್ಪ ಏರುತ್ತದೆ, ಸ್ವಲ್ಪ ಇಳಿಯುತ್ತದೆ; ಒಟ್ಟಿನಲ್ಲಿ ಏರಿಲ್ಲ. ಆ ಕಾಲದಲ್ಲಿಯೇ ಭೂಮಿ ಬಿಸಿಯಾಗಿದೆ. ಇನ್ನೊಂದು ಸಾಕ್ಷಿಯಿದೆ. ಸೂರ್ಯನೇ ಕಾರಣವಾಗಿದ್ದರೆ ಗಾಳಿಯ ಮೇಲಿನ ಪದರವೂ ಕೆಳಗಿನ ಪದರವೂ ಎರಡೂ ಕಾಯಬೇಕಿತ್ತು. ಆದರೆ ಕೆಳಗಿನದು ಕಾದಿದೆ, ಮೇಲಿನದು ತಣ್ಣಗಾಗಿದೆ. ಕಂಬಳಿ ದಪ್ಪವಾದರೆ ಒಳಗೆ ಬೆಚ್ಚಗೆ, ಹೊರಗೆ ತಣ್ಣಗೆ ಆಗುವುದೇ ಸರಿ.

ಸೂರ್ಯನ ವಿಷಯ ಬಂದಿದ್ದರಿಂದ, ನಮ್ಮ ಮುಂಬಯಿಯ ಒಂದು ದೊಡ್ಡ ಸಂಗತಿ ಹೇಳುತ್ತೇವೆ. 1826ರಲ್ಲಿ ಕೊಲಾಬಾದಲ್ಲಿ ಒಂದು ವೀಕ್ಷಣಾಲಯ ಸ್ಥಾಪನೆಯಾಯಿತು. ಅಲ್ಲಿ ಹವೆಯನ್ನೂ, ಭೂಮಿಯ ಕಾಂತಶಕ್ತಿಯನ್ನೂ ಅಳೆದು ದಫ್ತರದಲ್ಲಿ ಬರೆಯುತ್ತಿದ್ದರು. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್ಟನ್ ಎಂಬವರು ಸೂರ್ಯನ ಮೇಲೆ ಒಂದು ಪ್ರಚಂಡ ಜ್ವಾಲೆ ಮಿಂಚಿದ್ದನ್ನು ಕಂಡರು. ಸುಮಾರು 17 ಗಂಟೆಗಳ ನಂತರ ಸೂರ್ಯನಿಂದ ಸಿಡಿದ ಕಣಗಳ ಬಿರುಗಾಳಿ ಭೂಮಿಗೆ ಅಪ್ಪಳಿಸಿತು. ಯುರೋಪು ಅಮೆರಿಕಗಳಲ್ಲಿ ತಂತಿ ಕಚೇರಿಗಳ ಯಂತ್ರಗಳು ಕೆಟ್ಟವು. ಆಗ ಕೊಲಾಬಾದಲ್ಲಿ ಕರ್ತವ್ಯದ ಮೇಲಿದ್ದವರು ಎಂದಿನಂತೆ ಸೂಚಿಮುಳ್ಳಿನ ಓಲಾಟವನ್ನು ನೋಡಿ ಅಂಕೆಗಳನ್ನು ಬರೆದಿಟ್ಟರು. 2003ರಲ್ಲಿ ವಿಜ್ಞಾನಿಗಳು ಆ ಬಿರುಗಾಳಿ ಎಷ್ಟು ಬಲವಾದದ್ದು ಎಂದು ಲೆಕ್ಕ ಹಾಕಲು ಕುಳಿತಾಗ ಆಧಾರವಾಗಿ ಸಿಕ್ಕಿದ್ದು ಈ ಕೊಲಾಬಾದ ದಾಖಲೆ. 144 ವರ್ಷದ ಹಿಂದಿನ ಅಂಕೆಗಳು!

ಮಕ್ಕಳೇ, ಆ ರಾತ್ರಿ ಹಗಲು ಬರೆದವರ ಹೆಸರು ಇಂದು ಯಾರ ಬಾಯಲ್ಲಿಯೂ ಇಲ್ಲ. ಅವರು ಬರೆದದ್ದು ಉಳಿದಿದೆ. ಗುಮಾಸ್ತನ ಕೆಲಸ ಕೀಳೆಂದು ಯಾರಾದರೂ ಹೇಳಿದರೆ ಕೊಲಾಬಾದ ದಫ್ತರವನ್ನು ನೆನೆಯಿರಿ. ವಿದ್ಯುತ್ ಟ್ರಾಮುಗಳು ಬರುವುವೆಂದಾಗ ಕಾಂತದ ಅಳತೆ ಕೆಡಬಾರದೆಂದು ಆ ಕೆಲಸವನ್ನು 1904ರಲ್ಲಿ ಅಲಿಬಾಗಕ್ಕೆ ಒಯ್ದರು. ನಾನಾಭಾಯಿ ಫ್ರಾಮ್‌ಜಿ ಮೂಸ್ ಎಂಬವರು ಅದರ ಮೊದಲ ಭಾರತೀಯ ನಿರ್ದೇಶಕರು. ಅದೇ ಸೂರ್ಯನನ್ನು ಈಗ ನಮ್ಮ ಆದಿತ್ಯ-ಎಲ್1 ನೌಕೆ ನೋಡುತ್ತಿದೆ. 2023ರ ಸೆಪ್ಟೆಂಬರ್ 2ರಂದು ಹೊರಟು 2024ರ ಜನವರಿ 6ಕ್ಕೆ 15 ಲಕ್ಷ ಕಿಲೋಮೀಟರ್ ದೂರದ ತನ್ನ ನೆಲೆ ಸೇರಿತು. ಅದರ ಮುಖ್ಯ ದೂರದರ್ಶಕವನ್ನು ಕಟ್ಟಿದ್ದು ಬೆಂಗಳೂರಿನ ಭಾರತೀಯ ತಾರಾಭೌತ ಸಂಸ್ಥೆ.

ಅದಮಾರಿನಿಂದ ಆಕಾಶಕ್ಕೆ

ಉಪಗ್ರಹದ ಮಾತೆತ್ತಿದರೆ ಉಡುಪಿ ರಾಮಚಂದ್ರ ರಾಯರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. 1932ರಲ್ಲಿ ಉಡುಪಿಯ ಹತ್ತಿರದ ಅದಮಾರಿನಲ್ಲಿ ಹುಟ್ಟಿದವರು. ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಓದಿ, ಬಳ್ಳಾರಿ, ಅನಂತಪುರ, ಕಾಶಿಗಳಲ್ಲಿ ಕಲಿತು, ಅಹಮದಾಬಾದಿನಲ್ಲಿ ವಿಕ್ರಮ ಸಾರಾಭಾಯಿ ಅವರ ಶಿಷ್ಯರಾದರು. ನಮ್ಮ ಸಂಘದ ಎಷ್ಟೋ ಸದಸ್ಯರ ಊರಿನಿಂದ ಅದಮಾರಿಗೆ ಒಂದು ಬಸ್ಸಿನ ದಾರಿ. ಅವರ ಮುಂದಾಳುತನದಲ್ಲಿ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಭಾರತದ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾಯಿತು. 360 ಕಿಲೋಗ್ರಾಂ ತೂಕದ ಅದು 1975ರ ಏಪ್ರಿಲ್ 19ರಂದು ಆಗಿನ ಸೋವಿಯತ್ ನೆಲದಿಂದ ಮೇಲೇರಿತು. ಅದರೊಳಗಿನ ಪ್ರಯೋಗಗಳು ಕೆಲವೇ ದಿನ ನಡೆದವು. ಆದರೆ ಕಟ್ಟುವ ವಿದ್ಯೆ ನಮ್ಮ ಕೈಯಲ್ಲಿ ಉಳಿಯಿತು. ರಾಯರು 1984ರಿಂದ 1994ರ ವರೆಗೆ ಇಸ್ರೋದ ಅಧ್ಯಕ್ಷರಾಗಿದ್ದು, 2017ರಲ್ಲಿ ತೀರಿಕೊಂಡರು.

ಆ ವಿದ್ಯೆಯಿಂದ ಬಡವನಿಗೆ ಏನು ಬಂತು? ಇದಕ್ಕೂ ಲೆಕ್ಕವಿದೆ. 1999ರ ಅಕ್ಟೋಬರಿನಲ್ಲಿ ಒಡಿಶಾದ ಮೇಲೆ ಬಿದ್ದ ಮಹಾ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2013ರ ಅಕ್ಟೋಬರಿನಲ್ಲಿ ಫೈಲಿನ್ ಎಂಬ ಬಲವಾದ ಚಂಡಮಾರುತ ಅದೇ ಕರಾವಳಿಗೆ ಬಂತು. ಉಪಗ್ರಹಗಳು ಅದನ್ನು ದಿನಗಟ್ಟಲೆ ಮುಂಚೆ ಕಂಡಿದ್ದವು. ಸರಕಾರ ಸುಮಾರು ಹತ್ತು ಲಕ್ಷ ಜನರನ್ನು ಸುರಕ್ಷಿತ ಜಾಗಕ್ಕೆ ಸಾಗಿಸಿತು. ಸತ್ತವರು ಐವತ್ತರೊಳಗೆ. ಆಕಾಶದ ಕಣ್ಣೂ, ನೆಲದ ಮೇಲೆ ಓಡಾಡಿದ ಜನರ ಕಾಲೂ ಎರಡೂ ಸೇರಿ ಉಳಿಸಿದ ಜೀವಗಳಿವು.

ರೋಹಿಣಿ, ಮೃಗಶಿರಾ, ಪುಷ್ಯ

ಊರಿನಲ್ಲಿ ನಮ್ಮ ಅಜ್ಜಂದಿರು ಮಳೆಯನ್ನು ನಕ್ಷತ್ರದ ಹೆಸರಿನಿಂದ ಕರೆಯುತ್ತಾರೆ. ಇದೂ ಒಂದು ಆಕಾಶ ವಿಜ್ಞಾನವೇ. ಸೂರ್ಯ ಒಂದು ವರ್ಷದಲ್ಲಿ 27 ನಕ್ಷತ್ರಗಳ ಮುಂದೆ ಹಾದುಹೋಗುವಂತೆ ನಮಗೆ ಕಾಣುತ್ತಾನೆ. ಒಂದೊಂದರಲ್ಲಿ 13 ಅಥವಾ 14 ದಿನ. ಜೂನ್ ಎರಡನೆಯ ವಾರಕ್ಕೆ ಮೃಗಶಿರಾ, ಜೂನ್ 22ರ ಸುಮಾರಿಗೆ ಆರ್ದ್ರಾ, ಜುಲೈ 20ರ ಸುಮಾರಿಗೆ ಪುಷ್ಯ. ಬರಿಯ ಕಣ್ಣಿನಿಂದ ನೋಡಿ ಇಂಥ ಪಂಚಾಂಗವನ್ನು ಕಟ್ಟಿದವರು ಸಾಮಾನ್ಯರಲ್ಲ. ಆದರೆ ನಕ್ಷತ್ರ ಮಳೆಯನ್ನು ಸುರಿಸುವುದಿಲ್ಲ. ಅದು ಋತುವಿನ ಗಡಿಯಾರ. ಭೂಮಿ ಇಪ್ಪತ್ತಮೂರೂವರೆ ಡಿಗ್ರಿ ವಾಲಿಕೊಂಡು ಸುತ್ತುವುದರಿಂದ ಮೇ-ಜೂನ್‌ನಲ್ಲಿ ಬಿಸಿಲು ನಮ್ಮ ನೆತ್ತಿಯ ಮೇಲೆ ಬರುತ್ತದೆ. ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನವಾಗಿ ಕಾಯುತ್ತದೆ. ಕಾದ ನೆಲದ ಗಾಳಿ ಮೇಲೇರಿದಲ್ಲಿಗೆ ಸಮುದ್ರದ ಹಸಿಗಾಳಿ ನುಗ್ಗುತ್ತದೆ. ಅದು ಘಟ್ಟಕ್ಕೆ ತಗಲಿ ಏರಿ, ತಣಿದು, ಮಳೆಯಾಗುತ್ತದೆ.

ಈಗ ಗಡಿಯಾರ ಸರಿಯಿದೆ, ಆದರೆ ಮಳೆಯ ನಡೆ ಬದಲಾಗುತ್ತಿದೆ. ಗಾಳಿ 1 ಡಿಗ್ರಿ ಹೆಚ್ಚು ಬಿಸಿಯಾದರೆ ನೂರಕ್ಕೆ ಏಳು ಪಾಲು ಹೆಚ್ಚು ನೀರಾವಿಯನ್ನು ಹೊರಬಲ್ಲದು. ಹೆಚ್ಚು ಹೊತ್ತ ಗಾಳಿ ಒಮ್ಮೆಲೇ ಹೆಚ್ಚು ಸುರಿಯುತ್ತದೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 1950ರಿಂದ 2015ರೊಳಗೆ ಮಧ್ಯಭಾರತದ ಪಟ್ಟಿಯಲ್ಲಿ ವಿಸ್ತಾರವಾಗಿ ಸುರಿಯುವ ಅತಿವೃಷ್ಟಿಗಳು ಮೂರು ಪಟ್ಟು ಆಗಿವೆಯೆಂದು ತೋರಿಸಿದರು. ಅದಕ್ಕೆ ನೀರು ಒದಗಿಸುವುದು ಹೆಚ್ಚಾಗಿ ನಮ್ಮ ಅರಬ್ಬೀ ಸಮುದ್ರವೇ. ಮುಂಬಯಿಗೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 11, ಮೃಗಶಿರಾ. 2025ರಲ್ಲಿ ಅದು ಮೇ 26ಕ್ಕೇ, ಇನ್ನೂ ರೋಹಿಣಿಯಲ್ಲಿ, ಬಂದುಬಿಟ್ಟಿತು. ಒಂದೇ ವರ್ಷವನ್ನು ನೋಡಿ ತೀರ್ಪು ಕೊಡಬಾರದು. ಹಲವು ವರ್ಷಗಳ ಸಾಲನ್ನು ನೋಡಿ ಹೇಳುವುದೇ ವಿಜ್ಞಾನ.

ಇನ್ನು 2005ರ ಜುಲೈ 26, ಪುಷ್ಯ ಮಳೆ. ಈ ಸಭೆಯಲ್ಲಿರುವ ಮೂವತ್ತು ದಾಟಿದ ಯಾರಿಗೂ ಆ ದಿನದ ಪರಿಚಯ ಬೇಕಾಗಿಲ್ಲ. 24 ಗಂಟೆಗಳಲ್ಲಿ ಸಾಂತಾಕ್ರೂಜ್‌ನಲ್ಲಿ ಬಿದ್ದದ್ದು 944 ಮಿಲಿಮೀಟರ್. ಅಲ್ಲಿಯ ಇಡೀ ಮಳೆಗಾಲದ ಸರಾಸರಿ ಸುಮಾರು 2,300. ಅದರ ಹತ್ತರಲ್ಲಿ ನಾಲ್ಕು ಪಾಲು ಒಂದೇ ದಿನ. ಅದೇ ಹೊತ್ತಿಗೆ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಾತ್ರ. ಫೋರ್ಟಿನಲ್ಲಿ ಕಚೇರಿ ಬಿಟ್ಟು ಹೊರಟವರಿಗೆ ಉಪನಗರದಲ್ಲಿ ಕಾದಿರುವುದೇನೆಂದು ತಿಳಿಯುವಂತಿರಲಿಲ್ಲ. ಮಧ್ಯಾಹ್ನ ಸುಮಾರು ನಾಲ್ಕೂವರೆ ಮೀಟರಿನ ಉಬ್ಬರ. ಸಮುದ್ರ ನೀರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಮೀಠೀ ನದಿ ಉಕ್ಕಿತು. ಜನ ರೈಲು ಹಳಿಗಳ ಮೇಲೆ, ಹೆದ್ದಾರಿಗಳ ಮೇಲೆ ರಾತ್ರಿಯಿಡೀ ನಡೆದರು. ನಗರದಲ್ಲಿಯೇ ನಾಲ್ಕು ನೂರಕ್ಕೂ ಹೆಚ್ಚು ಜನ ಮಡಿದರು.

944 ಮಿಲಿಮೀಟರ್ ಎಂದರೆ ಎಷ್ಟು? ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಾವು ಆಗ ಹೇಳಿದ ಹತ್ತಡಿ ಖೋಲಿಯ ಮಾಡಿನ ಮೇಲೆ ಆ ಒಂದು ದಿನ ಬಿದ್ದ ನೀರು ಸುಮಾರು 8,770 ಲೀಟರ್. ಇನ್ನೂರು ಲೀಟರಿನ ಪೀಪಾಯಿಗಳಲ್ಲಿ ತುಂಬಿದರೆ 44 ಪೀಪಾಯಿ. ಒಂದೇ ಖೋಲಿಯ ಮಾಡಿಗೆ! ಅಂಥ ನೀರಿಗೆ ಇಂಗಲು ಮಣ್ಣು ಬೇಕು, ಹರಿಯಲು ಹೊಳೆ ಬೇಕು. ನಮ್ಮ ಪೂರ್ವಕ್ಕೆ ಆರೆಯ ಗುಡ್ಡಗಳಿವೆ. ಅಲ್ಲಿ ಹುಟ್ಟಿದ ಓಶಿವರಾ ಹೊಳೆ ಗೋರೆಗಾಂವಿನ ನಡುವೆಯೇ ಹಾದು ಮಾಲಾಡ್ ಖಾರಿಗೆ ಸೇರುತ್ತದೆ. ಅದನ್ನು ಗಟಾರವೆಂದೇ ತಿಳಿದು ಪ್ಲಾಸ್ಟಿಕ್ ಚೀಲ ಎಸೆಯುವವರಿದ್ದಾರೆ. ಅದು ಹೊಳೆ. ಅದರ ಬಾಯಿ ಕಟ್ಟಿದರೆ ಅದು ನಮ್ಮ ಹೊಸಿಲು ದಾಟಿ ಬರುತ್ತದೆ.

ನಾವೇನು ಮಾಡಬಲ್ಲೆವು?

ಹಿರಿಯ ದೇಶಗಳು, ದೊಡ್ಡ ಕಾರಖಾನೆಗಳು, ಸರಕಾರಗಳು ಮಾಡಬೇಕಾದ ಕೆಲಸ ಬಹಳವಿದೆ. ಹತ್ತಡಿ ಖೋಲಿಯವನ ಪಂಖ ಆರಿಸಿ ಲೋಕವನ್ನು ಉಳಿಸೆಂದು ನಾವು ಹೇಳುವುದಿಲ್ಲ. ತಗಡಿನ ಮಾಡಿನ ಕೆಳಗೆ ಏಪ್ರಿಲ್ ತಿಂಗಳಲ್ಲಿ ಪರೀಕ್ಷೆಗೆ ಓದುವ ಮಗುವಿಗೆ ಪಂಖ ಬೇಕು. ಈ ಬಿಸಿಗೆ ಅತಿ ಕಡಿಮೆ ಕಾರಣರಾದವರೇ ಅದನ್ನು ಮೊದಲು ಉಣ್ಣುತ್ತಿದ್ದಾರೆ ಎಂಬುದು ಸತ್ಯ. ಆದರೆ ತಿಳಿವಳಿಕೆ ನಮ್ಮ ಕೈಯಲ್ಲಿದೆ. ಅದರಿಂದ ಜೀವ ಉಳಿಯುತ್ತದೆ.

ಮೊದಲನೆಯದು, ಎಚ್ಚರಿಕೆಯ ಬಣ್ಣಗಳನ್ನು ಕಲಿಯಿರಿ. ಹವಾಮಾನ ಇಲಾಖೆ ದಿನವೂ ಜಿಲ್ಲೆಗೊಂದು ಬಣ್ಣ ಕೊಡುತ್ತದೆ. ಹಸಿರಾದರೆ ಚಿಂತೆಯಿಲ್ಲ, ಹಳದಿಯಾದರೆ ಗಮನವಿಡಿ, ಕಿತ್ತಳೆಯಾದರೆ ಸಿದ್ಧರಾಗಿರಿ, ಕೆಂಪಾದರೆ ಕೂಡಲೇ ಕ್ರಮ ಕೈಕೊಳ್ಳಿ. 36,000 ಕಿಲೋಮೀಟರ್ ಎತ್ತರದಿಂದ ಇನ್ಸಾಟ್ ಉಪಗ್ರಹಗಳು ನಮ್ಮ ಮೋಡಗಳ ಚಿತ್ರವನ್ನು ದಿನವಿಡೀ ಕಳಿಸುತ್ತಿರುತ್ತವೆ. ಅವುಗಳಲ್ಲಿ ಇನ್ಸಾಟ್-3ಡಿ ಮೇಲೇರಿದ್ದು 2013ರ ಜುಲೈ 26ರಂದು, ಆ ಮಹಾಮಳೆಯ ಎಂಟನೆಯ ವರ್ಷದ ದಿನವೇ. ನಮ್ಮ ನೆರೆಯ ವೆರಾವಲಿಯಲ್ಲಿ 2022ರಲ್ಲಿ ಮಳೆ ನೋಡುವ ಒಂದು ರಾಡಾರೂ ಬಂದಿದೆ. ಇಷ್ಟೆಲ್ಲ ಇದ್ದೂ ಸುದ್ದಿ ಮನೆಗೆ ಮುಟ್ಟದಿದ್ದರೆ ವ್ಯರ್ಥ. ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೊರಡುವ ಮುಂಚೆ ಇಂದಿನ ಬಣ್ಣ ಯಾವುದು, ಉಬ್ಬರ ಎಷ್ಟು ಹೊತ್ತಿಗೆ ಎಂದು ಓದಿ ಹೇಳುವುದು ನಿಮ್ಮ ಕೆಲಸವಾಗಲಿ.

ಎರಡನೆಯದು, ಓದಿರಿ, ನೋಡಿರಿ. ವರಳಿಯ ನೆಹರೂ ತಾರಾಲಯ 1977ರಿಂದ ಇದೆ. ಒಮ್ಮೆಯಾದರೂ ಹೋಗಿ ಬನ್ನಿ.

ಮೂರನೆಯದು, ನಮ್ಮ ವಾಚನಾಲಯಕ್ಕೆ ಒಂದು ಸೂಚನೆ. ನೆಟ್ಟಗಿನ ಗೋಡೆಯ, ಅಗಲ ಬಾಯಿಯ ಒಂದು ಡಬ್ಬಿಯನ್ನು ಗಚ್ಚಿಯ ಮೇಲೆ, ಗೋಡೆ ಮರಗಳಿಂದ ದೂರ ಇಡೋಣ. ದಿನವೂ ಬೆಳಿಗ್ಗೆ ಎಂಟೂವರೆಗೆ, ಹವಾಮಾನ ಇಲಾಖೆಯವರು ಅಳೆಯುವ ಹೊತ್ತಿಗೇ, ಅದರಲ್ಲಿ ನಿಂತ ನೀರನ್ನು ಅಡಿಪಟ್ಟಿಯಿಂದ ಅಳೆದು ಒಂದು ದಫ್ತರದಲ್ಲಿ ಬರೆಯೋಣ. ವಾರಕ್ಕೊಬ್ಬ ವಿದ್ಯಾರ್ಥಿಯ ಪಾಳಿ. ಮಳೆ ಬಾರದ ದಿನ ಸೊನ್ನೆಯೆಂದು ಬರೆಯಬೇಕು; ಖಾಲಿ ಬಿಡಕೂಡದು. ಅಳೆಯಲು ಮರೆತ ದಿನ ಮರೆತಿದೆ ಎಂದೇ ಬರೆಯಬೇಕು. ಊಹಿಸಿ ಅಂಕೆ ಹಾಕಕೂಡದು. ಇದಕ್ಕೆ ಬೇಕಾಗುವ ಹಣ ಒಂದು ದಫ್ತರದ ಬೆಲೆ. ಅದನ್ನು ನಾವು ಕೊಡುತ್ತೇವೆ.

ಸಾಂತಾಕ್ರೂಜ್‌ನಲ್ಲಿ 944, ಕೊಲಾಬಾದಲ್ಲಿ 73 ಬಿದ್ದ ನಗರವಿದು. ಇಲ್ಲಿ ಗೋರೆಗಾಂವಿನ ಮಳೆಯನ್ನು ಗೋರೆಗಾಂವಿನಲ್ಲಿಯೇ ಅಳೆಯಬೇಕು. ಮುಂಗಾರಿಗೆ ಮೊದಲು ಹೆಸರು ಕೊಡುವ ಮಕ್ಕಳು ಇಂದೇ ಗ್ರಂಥಪಾಲರ ಮೇಜಿನ ಹತ್ತಿರ ಕೊಡಬಹುದು.